ಹಣ್ಣೆಲೆ ಕಾರ್ಡಿಗೆ, ಎಲೆಯ ಅಚ್ಚು ಆಲ್ಬಮ್ಮಿಗೆ

ಶರತ್ಕಾಲದ ಕಾರ್ಡು ಮಾಡಲು ಕೂತವರು ಮೊದಲು ಕೈ ಹಾಕುವುದು ಆರಿಸಿ ತಂದ ಎಲೆಗೆ. ಅಂಟು ಹಚ್ಚಿ, ಕಾರ್ಡಿನ ಮೇಲೊಂದು, ಸ್ಕ್ರ್ಯಾಪ್‌ಬುಕ್ಕಿನ, ಅಂದರೆ ಫೋಟೊ ಅಂಟಿಸಿ ಅಲಂಕರಿಸುವ ಆಲ್ಬಮ್ಮಿನ, ಪುಟದ ಮೇಲೊಂದು ಕೂರಿಸಿಬಿಡುತ್ತಾರೆ. ಕಾರ್ಡಿಗಾದರೆ ಅಡ್ಡಿಯಿಲ್ಲ. ಅದು ಯಾರದೋ ಕಪಾಟಿನ ಮೇಲೆ ಒಂದೆರಡು ತಿಂಗಳು ನಿಲ್ಲುತ್ತದೆ, ಅಷ್ಟರೊಳಗೆ ಎಲೆ ಸ್ವಲ್ಪ ಕಂದಿದರೂ ಚಂದವೇ. ಆಲ್ಬಮ್ ಹಾಗಲ್ಲ, ಅದು ದಶಕಗಟ್ಟಲೆ ಉಳಿಯಬೇಕಾದ್ದು. ಎಲೆಯಲ್ಲಿರುವ ಆಮ್ಲ ಪಕ್ಕದ ಕಾಗದಕ್ಕೂ ಫೋಟೊಗೂ ಇಳಿಯುತ್ತದೆ. ಒಣಗಿದ ಎಲೆ ಪುಡಿಯಾಗಿ ಪುಟದ ಸಂದಿಗೆ ಸೇರುತ್ತದೆ. ತೇವ ಉಳಿದಿದ್ದರೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಇಲ್ಲಿ ಉದ್ದಕ್ಕೂ ಒಂದೇ ಲೆಕ್ಕ: ನಿಜವಾದ ಎಲೆ ಕಾರ್ಡಿಗೆ, ಆಲ್ಬಮ್ಮಿಗೆ ಎಲೆಯ ಅಚ್ಚು, ಇಲ್ಲವೇ ಶಾಯಿಯಲ್ಲಿ ಮೂಡಿಸಿದ ಎಲೆ.

ಹೆಸರಿನ ಬಗ್ಗೆ ಒಂದು ಮಾತು. ಆರು ಋತುಗಳ ಲೆಕ್ಕದಲ್ಲಿ ಎಲೆ ಉದುರುವುದು ಶಿಶಿರಕ್ಕೆ ಸೇರಿದ್ದು. ಇಲ್ಲಿ ಶರತ್ಕಾಲ ಎಂದಿರುವುದು ಮೇಪಲ್, ಓಕ್, ಗಿಂಕ್ಗೊ ಮರಗಳ ಎಲೆ ಬಣ್ಣ ತಿರುಗುವ ಕಾಲಕ್ಕೆ. ಆದರೆ ವಿಧಾನ ಯಾವ ಮರದ ಹಣ್ಣೆಲೆಗಾದರೂ ಅದೇ.

ಎಲೆಯ ಬಣ್ಣ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ

ಹಳದಿ, ಕಿತ್ತಳೆ ಕೊಡುವ ಕ್ಯಾರೋಟಿನಾಯ್ಡುಗಳು ಎಲೆಯಲ್ಲಿ ಮೊದಲಿನಿಂದಲೂ ಇರುತ್ತವೆ. ಪತ್ರಹರಿತ್ತು ಒಡೆದು ಹೋದ ಮೇಲಷ್ಟೇ ಅವು ಕಣ್ಣಿಗೆ ಬೀಳುವುದು. ಕೆಂಪು ಕೊಡುವ ಆಂಥೋಸಯಾನಿನ್ ಮಾತ್ರ ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆ ಹೊತ್ತಿಗೆ ಹೊಸದಾಗಿ ಹುಟ್ಟುತ್ತದೆ. ಅದು ನೀರಿನಲ್ಲಿ ಕರಗುವ ಬಣ್ಣ; ಬೆಳಕಿಗೂ ತೇವಕ್ಕೂ ಬೇಗ ಸೋಲುತ್ತದೆ. ಎರಡೂ ಹೋದ ಮೇಲೆ ಉಳಿಯುವುದು ಟ್ಯಾನಿನ್‌ನ ಕಂದು.

ಕೆಲಸಕ್ಕೆ ಬೇಕಾದದ್ದು ಇಷ್ಟು: ಕೆಂಪು ಎಲೆಯನ್ನು ತಂದ ದಿನವೇ ಒತ್ತಿಗೆ ಇಡಬೇಕು, ನಿಧಾನವಾಗಿ ಒಣಗಿದಷ್ಟೂ ಕಂದು ಹೆಚ್ಚು. ಅದಕ್ಕೆ ನೀರಾದ ಅಂಟು ತಾಗಿದರೆ ಅಂಚಿನಲ್ಲಿ ಗುಲಾಬಿ ಕಲೆ ಬಿಡಬಹುದು. ಹಳದಿ ಎಲೆ ಇಷ್ಟೆಲ್ಲ ಕಾಡಿಸುವುದಿಲ್ಲ. ಮೊದಲ ಸಲ ಮಾಡುವವರು ಹಳದಿಯಿಂದಲೇ ಶುರು ಮಾಡುವುದು ಒಳ್ಳೆಯದು.

ಎಲೆ ಒತ್ತಿ ಒಣಗಿಸುವುದು

1. ಇಬ್ಬನಿ ಪೂರ್ತಿ ಆರಿದ ಮೇಲೆ ಆರಿಸಿ. ನೆಲದ ಮೇಲೆ ಸುರುಟಿಕೊಂಡದ್ದು ಬೇಡ, ಬಿಡಿಸಲು ಹೋದರೆ ಒಡೆಯುತ್ತದೆ. ಕೊಂಬೆಯಲ್ಲೇ ಇದ್ದು, ಮುಟ್ಟಿದರೆ ಕಳಚುವಂಥದ್ದು ಸರಿ. ಕಾರ್ಡಿಗೆ 3ರಿಂದ 6 ಸೆಂ.ಮೀ. ಉದ್ದದವು ಸಾಕು. ಬೇಕಾದ್ದಕ್ಕಿಂತ ಎರಡು ಪಟ್ಟು ತನ್ನಿ. ಅರ್ಧ ಕೆಟ್ಟೇ ಕೆಡುತ್ತವೆ.

2. ಮೆತ್ತನೆ ಬಟ್ಟೆಯಲ್ಲಿ ಎರಡೂ ಬದಿ ಒರೆಸಿ. ತೊಟ್ಟನ್ನು 1 ಸೆಂ.ಮೀ.ಗೆ ಕತ್ತರಿಸಿ. ನಡುನರ ದಪ್ಪಗಿದ್ದರೆ ಎಲೆಯನ್ನು ಬೋರಲು ಹಾಕಿ, ಕಟರ್ ಅನ್ನು ಮಲಗಿಸಿ ಹಿಡಿದು ಆ ಉಬ್ಬನ್ನು ತೆಳ್ಳಗೆ ಸವರಿ. ಇದನ್ನು ಬಿಟ್ಟರೆ ನರದ ಎರಡೂ ಪಕ್ಕ ಒತ್ತು ಬೀಳುವುದಿಲ್ಲ, ಅಲ್ಲಿ ಎಲೆ ಸುಕ್ಕಾಗುತ್ತದೆ.

3. ಬ್ಲಾಟಿಂಗ್ ಪೇಪರ್ ಅಥವಾ ಅಚ್ಚಾಗದ ನ್ಯೂಸ್‌ಪ್ರಿಂಟ್ ಹಾಳೆಗಳ ನಡುವೆ, ಒಂದಕ್ಕೊಂದು ತಾಗದಂತೆ ಜೋಡಿಸಿ. ಅಡುಗೆಮನೆಯ ಟಿಶ್ಯೂ ಸುರುಳಿ ಬೇಡ. ಅದರ ಉಬ್ಬು ಚುಕ್ಕೆಗಳು ಎಲೆಯ ಮೇಲೆ ಹಾಗೇ ಅಚ್ಚೊತ್ತಿ ಕೂರುತ್ತವೆ, ಮತ್ತೆ ಹೋಗುವುದಿಲ್ಲ.

4. ಮೇಲೆ ಒಂದು ಹಲಗೆ, ಅದರ ಮೇಲೆ ಐದಾರು ಕಿಲೊ ತೂಕದ ಪುಸ್ತಕಗಳು. ಮರುದಿನ ಹಾಳೆ ಬದಲಿಸಿ, ಆಮೇಲೆ ಮೂರನೇ ದಿನ, ಐದನೇ ದಿನ. ಹಾಳೆ ಬದಲಿಸದೆ ಬಿಟ್ಟ ಕಂತೆಯಲ್ಲಿ ಬೂಷ್ಟು ಖಂಡಿತ.

5. ತೆಳು ಎಲೆಗೆ ವಾರದಿಂದ ಹತ್ತು ದಿನ, ದಪ್ಪ ಎಲೆಗೆ ಎರಡು ಮೂರು ವಾರ.

ಒಣಗಿತೋ ಇಲ್ಲವೋ ನೋಡಲು ತೊಟ್ಟಿನ ತುದಿ ಹಿಡಿದು ಎಲೆಯನ್ನು ಅಡ್ಡಲಾಗಿ ಚಾಚಿ. ಹಲಗೆಯಂತೆ ನೆಟ್ಟಗೆ ನಿಂತರೆ ಒಣಗಿದೆ, ತುದಿ ಬಾಗಿದರೆ ಇನ್ನೂ ಇಡಿ. ಕೆನ್ನೆಗೆ ತಾಗಿಸಿದಾಗ ತಣ್ಣಗೆ ಅನಿಸಿದರೂ ಒಳಗೆ ತೇವ ಇದೆ ಎಂದೇ ಅರ್ಥ.

ಅವಸರ ಇದ್ದವರು ಇಸ್ತ್ರಿ ಪೆಟ್ಟಿಗೆ ಬಳಸಬಹುದು. ಹಬೆ ಪೂರ್ತಿ ಬಂದ್, ಶಾಖ ಅತಿ ಕಡಿಮೆ. ಎರಡು ಹಾಳೆಗಳ ನಡುವೆ ಎಲೆಯಿಟ್ಟು 10 ಸೆಕೆಂಡು ಒತ್ತಿ, ತೆಗೆದು, ಆರಲು ಬಿಟ್ಟು, ಮತ್ತೆ ಒತ್ತಿ. ಪೆಟ್ಟಿಗೆಯನ್ನು ಉಜ್ಜಬೇಡಿ. ಬಿಸಿ ಲ್ಯಾಮಿನೇಷನ್ನಿಗೆ ಅರೆ ಒಣಗಿದ ಎಲೆ ಹಾಕಿದರೆ ಒಳಗಿನ ನೀರು ಹಬೆಯಾಗಿ ಗುಳ್ಳೆ ಏಳುತ್ತದೆ, ಎಲೆ ಬೆಂದು ಕಂದಾಗುತ್ತದೆ. ಗ್ಲಿಸರಿನ್ ನೀರಿನಲ್ಲಿ ನೆನೆಸಿದ ಎಲೆ ಮೃದುವಾಗಿ ಉಳಿಯುತ್ತದೆ ನಿಜ. ಹೂದಾನಿಯ ಅಲಂಕಾರಕ್ಕೆ ಅದು ಸೊಗಸು. ಕಾಗದದ ಕೆಲಸಕ್ಕೆ ಮಾತ್ರ ಬೇಡವೇ ಬೇಡ. ಜಿಡ್ಡಿಗೆ ಅಂಟು ಹಿಡಿಯುವುದಿಲ್ಲ, ಕಾಗದಕ್ಕೆ ಎಣ್ಣೆಯಂಥ ಕಲೆ ಇಳಿಯುತ್ತದೆ.

ಕಾಗದ, ಮತ್ತು ಅದರ ನಾರಿನ ದಿಕ್ಕು

ಕಾರ್ಡಿನ ಬುಡಕ್ಕೆ 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಅಳತೆ) ಕಾರ್ಡ್‌ಸ್ಟಾಕ್, ಮೇಲಿನ ಪದರಗಳಿಗೆ 160ರಿಂದ 200, ಮಡಚಿ ಮಾಡುವ ಎಲೆಗಳಿಗೆ 80ರಿಂದ 100. ಬುಡಕ್ಕೆ 200ಕ್ಕಿಂತ ತೆಳುವಾದದ್ದು ತೆಗೆದುಕೊಂಡರೆ ಎಲೆ, ಪದರಗಳ ಭಾರಕ್ಕೆ ಕಾರ್ಡು ಮುಗ್ಗರಿಸುತ್ತದೆ.

ಮಡಿಕೆಯಲ್ಲಿ ಕಾಗದ ಸಿಡಿದು ಬಿಳಿ ನಾರು ಕಾಣುವುದು ಎಲ್ಲರೂ ಹೇಳುವ ದೂರು. ತಪ್ಪು ಕಾಗದದ್ದಲ್ಲ, ಮಡಚಿದ ದಿಕ್ಕಿನದ್ದು. ಯಂತ್ರದಲ್ಲಿ ಆದ ಕಾಗದದ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿಗೆ ಮಡಚಿದರೆ ಮಡಿಕೆ ನಯ, ಅಡ್ಡಕ್ಕೆ ಮಡಚಿದರೆ ನಾರು ಮುರಿಯುತ್ತದೆ. ಹಾಳೆಯನ್ನು ಮಡಚದೆ ಸುಮ್ಮನೆ ಬಾಗಿಸಿ ನೋಡಿ: ಯಾವ ಕಡೆಗೆ ಸಲೀಸಾಗಿ ಬಾಗುತ್ತದೋ ಅಲ್ಲಿ ಬಾಗಿನ ಗೆರೆ ನಾರಿಗೆ ಸಮಾನಾಂತರ.

ಎ4 ಹಾಳೆಗಳಲ್ಲಿ ನಾರು ಸಾಮಾನ್ಯವಾಗಿ 297 ಮಿ.ಮೀ. ಬದಿಯ ಗುಂಟ ಇರುತ್ತದೆ. ಹಾಳೆಯನ್ನು ಅಡ್ಡಕ್ಕೆ ಕತ್ತರಿಸಿ 148 × 210ರ ಎರಡು ತುಂಡು ಮಾಡಿ, ಪ್ರತಿಯೊಂದನ್ನೂ 105ರಲ್ಲಿ ಮಡಚಿದರೆ ಮಡಿಕೆ ನಾರಿನ ಗುಂಟ ಬೀಳುತ್ತದೆ; ಕೈಗೆ ಬರುವುದು 105 × 148ರ ಎ6 ಕಾರ್ಡು. ಅದೇ ಹಾಳೆಯನ್ನು ಉದ್ದಕ್ಕೆ ಸೀಳಿ 105 × 297ರ ಪಟ್ಟಿ ಮಾಡಿ ನಡುವೆ ಮಡಚಿದರೂ ಅಳತೆ ಅದೇ ಬರುತ್ತದೆ, ಆದರೆ ಮಡಿಕೆ ನಾರಿಗೆ ಅಡ್ಡ, ಸಿಡಿಯುತ್ತದೆ. ಒಂದೇ ಹಾಳೆ, ಒಂದೇ ಅಳತೆ, ಕತ್ತರಿ ಹಾಕಿದ ಕಡೆ ಮಾತ್ರ ಬೇರೆ.

ಮಡಚುವ ಮೊದಲು ಗೀರಬೇಕು. ಮಡಿಕೆ ಗೀರುವ ಮೊಂಡು ತುದಿಯ ಸಾಧನ ಬೋನ್ ಫೋಲ್ಡರ್ ಇಲ್ಲದಿದ್ದರೆ ಶಾಯಿ ಮುಗಿದ ಬಾಲ್‌ಪೆನ್ ಸಾಕು. ಸ್ಟೀಲ್ ಸ್ಕೇಲ್ ಇಟ್ಟು ಎರಡು ಮೂರು ಸಲ ಹಗುರವಾಗಿ ಎಳೆಯಿರಿ. ಒಂದೇ ಸಲ ಒತ್ತಿ ಎಳೆದರೆ ಕಾಗದ ಹರಿಯುತ್ತದೆ. ಗೀರಿದ ಕಡೆ ತಗ್ಗು, ಹಿಂದೆ ಉಬ್ಬು ಬಂದಿರುತ್ತದೆ. ಉಬ್ಬು ಮಡಿಕೆಯ ಒಳಗೆ ಬರುವಂತೆ ಮಡಚಿ. ನೋಡಲು ತಿರುಗಾಮುರುಗಾ ಅನಿಸಿದರೂ ಸರಿಯಾದದ್ದು ಇದೇ.

ಇನ್ನು ಮುಂದಿನ ಅಳತೆಗಳು ಎ6 ಕಾರ್ಡಿನವು. ಮುಖದ ಪದರ 99 × 142, ಅಂದರೆ ನಾಲ್ಕೂ ಕಡೆ 3 ಮಿ.ಮೀ. ಅಂಚು. ಇನ್ನೊಂದು ಪದರ ಬೇಕಾದರೆ 95 × 138. ಹಾಕಲು 114 × 162ರ ಸಿ6 ಲಕೋಟೆ.

ಬಣ್ಣದ ಲೆಕ್ಕ

ಶರತ್ಕಾಲ ಎಂದರೆ ಕಿತ್ತಳೆ ಎಂದು ತಿಳಿದು ಕಿತ್ತಳೆ ಕಾಗದದ ಮೇಲೆ ಕಿತ್ತಳೆ ಎಲೆ ಅಂಟಿಸಿದರೆ ಎಲೆ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಹತ್ತು ಪಾಲಿನಲ್ಲಿ ಆರು ಪಾಲು ಕೆನೆ ಬಣ್ಣ ಅಥವಾ ಮಾಸಲು ಬೂದು, ಮೂರು ಪಾಲು ಕಂದು ಇಲ್ಲವೇ ಕಂದಿದ ಹಸಿರು, ಉಳಿದ ಒಂದೇ ಪಾಲು ಕೆಂಪು, ಕಿತ್ತಳೆ, ಹಳದಿಗೆ. ಆ ಒಂದು ಪಾಲೇ ಇಡೀ ಕಾರ್ಡನ್ನು ಎತ್ತಿ ಹಿಡಿಯುತ್ತದೆ. ಬರಹಕ್ಕೆ ಕಪ್ಪಿನ ಬದಲು ಕಡು ಕಂದು ಶಾಯಿ ಬಳಸಿ. ಒಣ ಎಲೆಯ ಪಕ್ಕದಲ್ಲಿ ಕಪ್ಪು ಮುದ್ರಣದಂತೆ ಕಾಣುತ್ತದೆ, ಕಂದು ಹೊಂದಿಕೊಳ್ಳುತ್ತದೆ.

ಮೊದಲ ಕಾರ್ಡು: ಒತ್ತಿದ ಎಲೆ

ಬೇಕಾದದ್ದು: ಬುಡದ ಕಾರ್ಡು ಒಂದು, ಕೆನೆ ಬಣ್ಣದ 99 × 142 ಪದರ, 5 ಸೆಂ.ಮೀ.ನ ಎಲೆ ಒಂದು, ಸಣ್ಣವು ಎರಡು, ಬಿಳಿ ಅಂಟು, ಮೆತ್ತನೆ ಕುಂಚ, 6 ಮಿ.ಮೀ. ಅಗಲದ ಡಬಲ್ ಸೈಡ್ ಟೇಪ್, ಬೇಕಿಂಗ್ ಪೇಪರ್.

ಮೊದಲು ಬರಹ. ಎಲೆ ಅಂಟಿಸಿದ ಮೇಲೆ ಬರೆಯಲು ಹೋಗಿ ಕೈ ತಾಗಿ ಎಲೆ ಮುರಿದುಕೊಳ್ಳುವವರೇ ಹೆಚ್ಚು. ಶುಭಾಶಯದ ಪಟ್ಟಿಗೆ ಸಾಮಾನ್ಯವಾಗಿ ಹೇಳುವ 12 ಮಿ.ಮೀ. ಎತ್ತರ ಕನ್ನಡಕ್ಕೆ ಸಾಲದು. ಒತ್ತಕ್ಷರ ಕೆಳಗಿಳಿಯುತ್ತದೆ, ಗುಣಿತದ ಗುಡಿಸು ಮೇಲೇರುತ್ತದೆ. ಪಟ್ಟಿ 18 ಮಿ.ಮೀ. ಇರಲಿ, ಅಕ್ಷರದ ಮೈ 6 ಮಿ.ಮೀ. ಎತ್ತರ, ಅಕ್ಷರ ಕೂರುವ ಗೆರೆ ಪಟ್ಟಿಯ ತಳದಿಂದ 7 ಮಿ.ಮೀ. ಮೇಲೆ. ಪೆನ್ಸಿಲ್ಲಿನಲ್ಲಿ ಬರೆದು, ಶಾಯಿ ತಿದ್ದಿ, ಪೂರ್ತಿ ಒಣಗಿದ ಮೇಲೆ ಅಳಿಸಿ.

ಎಲೆಗಳನ್ನು ಪದರದ ಮೇಲೆ ಅಂಟಿಲ್ಲದೆ ಜೋಡಿಸಿ ನೋಡಿ. ದೊಡ್ಡದು ನಟ್ಟನಡುವೆ ಬೇಡ, ಬಲಕ್ಕೋ ಎಡಕ್ಕೋ ಸರಿಸಿ. ಮೂರೂ ತೊಟ್ಟುಗಳು ಒಂದೇ ಕಡೆ ಮುಖ ಮಾಡಿದರೆ ಗಿಡಕ್ಕೆ ಅಂಟಿದಂತೆ ಕಾಣುತ್ತವೆ. ಒಂದನ್ನು ತಿರುಗಿಸಿದರೆ ಉದುರುತ್ತಿರುವಂತೆ. ಸರಿ ಅನಿಸಿದಾಗ ಮೊಬೈಲಿನಲ್ಲಿ ಫೋಟೊ ತೆಗೆದಿಡಿ, ಅಂಟು ಹಚ್ಚುವಾಗ ಜಾಗ ಮರೆತುಹೋಗುತ್ತದೆ.

ಬಿಳಿ ಅಂಟು ಮೂರು ಪಾಲಿಗೆ ನೀರು ಒಂದು ಪಾಲು. ಎಲೆಯನ್ನು ರದ್ದಿ ಕಾಗದದ ಮೇಲೆ ಬೋರಲು ಹಾಕಿ, ನಡುನರದಿಂದ ಅಂಚಿನ ಕಡೆಗೆ ಕುಂಚ ಎಳೆಯಿರಿ. ಅಂಚು ಬಿಟ್ಟುಹೋಗಬಾರದು, ಮೊದಲು ಏಳುವುದೇ ಅಂಚು. ಅಂಟು ಹೊಳೆಯುವಷ್ಟು ಇದ್ದರೆ ಸಾಕು, ನಿಂತರೆ ಹೆಚ್ಚಾಯಿತು. ಜಾಗದಲ್ಲಿಟ್ಟು, ಮೇಲೆ ಬೇಕಿಂಗ್ ಪೇಪರ್, ಅದರ ಮೇಲೆ ಪುಸ್ತಕ, ನಾಲ್ಕೈದು ಗಂಟೆ. ಬೇಕಿಂಗ್ ಪೇಪರ್ ಬದಲು ಮಾಮೂಲಿ ಕಾಗದ ಇಟ್ಟರೆ ಹೊರಬಂದ ಅಂಟಿಗೆ ಅದೂ ಅಂಟಿಕೊಳ್ಳುತ್ತದೆ.

ಒಣಗಿದ ಮೇಲೆ ಎಲೆಯ ಮೇಲೆ ಅಕ್ರಿಲಿಕ್ ಮ್ಯಾಟ್ ಮೀಡಿಯಂ (ಬಣ್ಣವಿಲ್ಲದ, ಹೊಳಪಿಲ್ಲದ ಲೇಪ) ಒಂದು ತೆಳು ಕೈ ಕೊಡಬಹುದು. ಪುಡಿಯಾಗುವುದು ತಡವಾಗುತ್ತದೆ. ಬಣ್ಣ ಶಾಶ್ವತ ಆಗುತ್ತದೆಂದು ಮಾತ್ರ ನಂಬಬೇಡಿ.

ಪದರವನ್ನು ಬುಡಕ್ಕೆ ಕೂರಿಸಲು ಟೇಪ್. ನಾಲ್ಕು ಅಂಚಿಗೂ ನಡುವೆ ಒಂದೆರಡು ಕಡೆಗೂ ಹಚ್ಚಿ. ಇಲ್ಲಿ ಬಿಳಿ ಅಂಟು ಬಳಸಿದರೆ ಕಾಗದ ನೀರು ಕುಡಿದು ಹಿಗ್ಗಿ, ಒಣಗುವಾಗ ಅಲೆಅಲೆಯಾಗುತ್ತದೆ. ಟೇಪಿನ ಮೇಲಿನ ಹಾಳೆಯನ್ನು ಒಮ್ಮೆಗೇ ಪೂರ್ತಿ ಕೀಳಬೇಡಿ. ಪ್ರತಿ ಪಟ್ಟಿಯಿಂದ ಒಂದು ತುದಿಯನ್ನಷ್ಟೇ ಬಿಡಿಸಿ ಹೊರಕ್ಕೆ ಮಡಚಿ, ಪದರವನ್ನು ಜಾಗಕ್ಕೆ ಹೊಂದಿಸಿ, ಆಮೇಲೆ ತುದಿಗಳನ್ನು ಎಳೆಯಿರಿ. ಸೊಟ್ಟಗಾಗುವ ಭಯವೇ ಇರುವುದಿಲ್ಲ.

ಅಂಚೆಯಲ್ಲಿ ಕಳಿಸುವುದಾದರೆ ಕಾರ್ಡಿನ ಮುಂದೆ ಅದೇ ಅಳತೆಯ ದಪ್ಪ ರಟ್ಟು ಒಂದನ್ನಿಟ್ಟು ಲಕೋಟೆಗೆ ಹಾಕಿ.

ಎರಡನೇ ಕಾರ್ಡು: ಶಾಯಿಯ ಹಿನ್ನೆಲೆ, ಬಿಳಿ ಎಲೆ

ಇದರಲ್ಲಿ ನಿಜವಾದ ಎಲೆ ಇಲ್ಲ, ಹಾಗಾಗಿ ಆಲ್ಬಮ್ಮಿನ ಪುಟಕ್ಕೂ ಇದೇ ವಿಧಾನ ನಡೆಯುತ್ತದೆ. ನಯವಾದ ಬಿಳಿ ಕಾರ್ಡ್‌ಸ್ಟಾಕ್, ನೀರಿಗೆ ಕರಗುವ ಡೈ ಇಂಕ್ ಪ್ಯಾಡ್ ಹಳದಿ, ಕಿತ್ತಳೆ, ಕಂದು ಮೂರು, ಪ್ರತಿ ಬಣ್ಣಕ್ಕೊಂದು ಸ್ಪಂಜು ಅಥವಾ ಬ್ಲೆಂಡಿಂಗ್ ಬ್ರಶ್.

ಹಿಂದೆ ಅಂಟಿರುವ ಚೀಟಿ ಕಾಗದದಲ್ಲಿ ಮೂರು ಎಲೆಯಾಕಾರ ಕತ್ತರಿಸಿ, ಅಂಟಿರುವ ಭಾಗವೇ ಎಲೆಯ ಮೈಯಲ್ಲಿ ಬರುವಂತೆ. ಪದರದ ಮೇಲೆ ಅಂಟಿಸಿ ಅಂಚನ್ನು ಉಗುರಿನಲ್ಲಿ ಒತ್ತಿ. ಹಳದಿಯಿಂದ ಶುರು. ಸ್ಪಂಜನ್ನು ಪ್ಯಾಡಿಗೆ ತಾಗಿಸಿ, ಮೊದಲು ಕೆಳಗಿನ ರದ್ದಿ ಕಾಗದದ ಮೇಲೆ ಎರಡು ಸುತ್ತು ತಿರುಗಿಸಿ, ಅಲ್ಲಿಂದ ಸುತ್ತುತ್ತಲೇ ಪದರದೊಳಗೆ ಬನ್ನಿ. ನೇರ ಪದರದ ಮೇಲೆ ಇಟ್ಟರೆ ಅಲ್ಲೊಂದು ದುಂಡು ಕಲೆ ಕೂರುತ್ತದೆ, ಏನು ಮಾಡಿದರೂ ಹೋಗದು. ಇಡೀ ಪದರಕ್ಕೆ ಹಳದಿ, ತಳದಿಂದ ಮೂರನೇ ಎರಡು ಭಾಗಕ್ಕೆ ಕಿತ್ತಳೆ, ತಳದ ಎರಡು ಮೂಲೆಗೆ ಮಾತ್ರ ಕಂದು. 

ಹಸಿರನ್ನೂ ತರಬೇಕು ಅನಿಸಿದರೆ ಹಸಿರಿಗೂ ಕೆಂಪಿಗೂ ನಡುವೆ ಹಳದಿಯ ಒಂದು ಪಟ್ಟಿ ಬಿಡಿ. ಹಸಿರು ಕೆಂಪು ನೇರವಾಗಿ ಕೂಡಿದರೆ ಕೆಸರು ಬಣ್ಣ ಬರುತ್ತದೆ.

ಈಗ ಬೆರಳು ನೀರಿಗದ್ದಿ ಕಾರ್ಡಿನ ಮೇಲೆ ಕೊಡವಿ. ಹತ್ತು ಹದಿನೈದು ಸೆಕೆಂಡು ಬಿಟ್ಟು ಟಿಶ್ಯೂವಿನಲ್ಲಿ ಒತ್ತಿ ತೆಗೆದರೆ ಮಳೆ ಬಿದ್ದಂತೆ ತಿಳಿ ಚುಕ್ಕೆಗಳು. ಏನೂ ಆಗಲಿಲ್ಲವಾದರೆ ನಿಮ್ಮದು ಪಿಗ್ಮೆಂಟ್ ಇಂಕ್. ಅದು ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಚೀಟಿಗಳನ್ನು ನಿಧಾನಕ್ಕೆ ಬಿಡಿಸಿ, ಬಿಳಿ ಉಳಿದ ಎಲೆಗಳಲ್ಲಿ 0.1 ಅಥವಾ 0.3 ಮಿ.ಮೀ. ತುದಿಯ ಕಂದು ಪೆನ್ನಿನಿಂದ ನಡುನರವೂ ನಾಲ್ಕೈದು ಜೋಡಿ ಪಕ್ಕದ ನರಗಳೂ ಬರೆಯಿರಿ. ಪಕ್ಕದ ನರ ಅಂಚನ್ನು ಮುಟ್ಟುವ ಮೊದಲೇ ನಿಲ್ಲಲಿ. ಅಂಚಿನವರೆಗೆ ಎಳೆದರೆ ಎಲೆ ಮೀನಿನ ಮುಳ್ಳಿನಂತಾಗುತ್ತದೆ.

ತಾಮ್ರದ ಬಣ್ಣದ ಎಂಬಾಸಿಂಗ್ ಪೌಡರ್ (ಬಿಸಿಗೆ ಕರಗಿ ಉಬ್ಬು ಅಕ್ಷರವಾಗುವ ಪುಡಿ) ಇದ್ದವರು ಶುಭಾಶಯವನ್ನು ಅದರಲ್ಲೇ ಮಾಡಬಹುದು. ಆದರೆ ಹೊಸದಾಗಿ ಶಾಯಿ ಹಚ್ಚಿದ ಪದರ ತುಸು ತೇವವಾಗಿರುತ್ತದೆ, ಪೌಡರ್ ಎಲ್ಲೆಂದರಲ್ಲಿ ಹತ್ತುತ್ತದೆ. ಪೂರ್ತಿ ಒಣಗಲು ಬಿಟ್ಟು, ಬೇಡದ ಕಡೆ ಹತ್ತದಂತೆ ತಡೆಯುವ ಆಂಟಿಸ್ಟ್ಯಾಟಿಕ್ ಪೌಡರ್ ಒಮ್ಮೆ ಹಗುರ ಸವರಿ, ಆಮೇಲೆ ಸ್ಟ್ಯಾಂಪ್ ಒತ್ತಿ. ಪೌಡರ್ ಸುರಿದು, ಕೊಡವಿ, ಮೊದಲೇ ಬಿಸಿ ಮಾಡಿಟ್ಟುಕೊಂಡ ಹೀಟ್ ಗನ್ (ಬಿಸಿಗಾಳಿ ಊದುವ ಯಂತ್ರ) ಹಿಡಿಯಿರಿ. ಕಾಳುಕಾಳಾಗಿದ್ದ ಪೌಡರ್ ಕರಗಿ ಹೊಳೆದ ಕ್ಷಣವೇ ಮುಂದಕ್ಕೆ ಸರಿಸಬೇಕು. ಅಲ್ಲೇ ನಿಂತರೆ ಉಬ್ಬು ಕುಸಿದು ಕಾಗದದೊಳಗೆ ಇಂಗಿ ಎಣ್ಣೆ ಕಲೆಯಂತೆ ಕಾಣುತ್ತದೆ.

ಆಲ್ಬಮ್ಮಿಗೆ ಎಲೆಯ ಅಚ್ಚು

ಒಣಗಿದ ಎಲೆ ಇದಕ್ಕೆ ಬಾರದು, ಒತ್ತಿದಾಗ ಒಡೆಯುತ್ತದೆ. ಪುಸ್ತಕದಡಿ ಒಂದೆರಡು ಗಂಟೆ ಇಟ್ಟು ಸಪಾಟಾದ ಹಸಿ ಎಲೆ ಬೇಕು. ನರಗಳು ಎದ್ದು ಕಾಣುವುದು ಹಿಂಬದಿಯಲ್ಲಿ, ಹಾಗಾಗಿ ಬಣ್ಣ ಹಿಂಬದಿಗೆ. ಅಕ್ರಿಲಿಕ್ ಬಣ್ಣವನ್ನು ನೀರು ಸೇರಿಸದೆ ಒಣ ಸ್ಪಂಜಿನಲ್ಲಿ ತೆಗೆದುಕೊಂಡು ತಟ್ಟಿ ತಟ್ಟಿ ಹಚ್ಚಿ. ಕುಂಚದಲ್ಲಿ ಬಳಿದರೆ ಬಣ್ಣ ನರಗಳ ನಡುವಿನ ಸಂದಿಗೆ ತುಂಬಿ, ಅಚ್ಚಿನಲ್ಲಿ ಬರೀ ಎಲೆಯಾಕಾರದ ಮುದ್ದೆ ಉಳಿಯುತ್ತದೆ. ನಡುವೆ ಹಳದಿ, ಅಂಚಿಗೆ ಕೆಂಪು ತಟ್ಟಿದರೆ ಎರಡೂ ಕೂಡುವ ಕಡೆ ಕಿತ್ತಳೆ ತಾನಾಗಿ ಬರುತ್ತದೆ.

ಎಲೆಯನ್ನು ಬಣ್ಣದ ಬದಿ ಕೆಳಗಾಗಿ 200 ಜಿಎಸ್‌ಎಂ ನಯ ಕಾಗದದ ಮೇಲಿಡಿ. ಮೇಲೊಂದು ರದ್ದಿ ಹಾಳೆ. ಒಂದು ಕೈಯಲ್ಲಿ ತೊಟ್ಟನ್ನು ಅಲುಗದಂತೆ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ನಡುನರದ ಗುಂಟ, ಆಮೇಲೆ ನರದಿಂದ ಅಂಚಿಗೆ ಒತ್ತುತ್ತ ಹೋಗಿ. ಹತ್ತು ಸೆಕೆಂಡು ಸಾಕು. ತೊಟ್ಟು ಹಿಡಿದು ನೇರ ಮೇಲಕ್ಕೆ ಎತ್ತಿ. ಬಣ್ಣ ಮತ್ತೆ ಹಚ್ಚದೆ ಇನ್ನೊಂದು ಅಚ್ಚು ತೆಗೆಯಿರಿ. ಹೆಚ್ಚಿನ ಸಲ ಎರಡನೆಯದೇ ಮೊದಲನೆಯದಕ್ಕಿಂತ ಚೆನ್ನ, ಸಣ್ಣ ನರಗಳೆಲ್ಲ ಅದರಲ್ಲಿ ಮೂಡುತ್ತವೆ. ಒಂದು ಎಲೆಯಿಂದ ಏಳೆಂಟು ಅಚ್ಚು ಬರುತ್ತದೆ. ಒಣಗಿದ ಮೇಲೆ 1 ಮಿ.ಮೀ. ಬಿಳಿ ಅಂಚು ಬಿಟ್ಟು ಕತ್ತರಿಸಿಕೊಳ್ಳಿ.

ಮಡಚಿದ ಕಾಗದದ ಎಲೆ ಇನ್ನೊಂದು ದಾರಿ, ಆದರೆ ಅದು ಕಾರ್ಡಿಗೆ. 80 ಜಿಎಸ್‌ಎಂ ಕಾಗದದಲ್ಲಿ ತಳ 12 ಸೆಂ.ಮೀ., ಎತ್ತರ 6 ಸೆಂ.ಮೀ. ಇರುವ ತ್ರಿಕೋನ ಕತ್ತರಿಸಿ. ತಳಕ್ಕೆ ಸಮಾನಾಂತರವಾಗಿ, ತಳದಿಂದಲೇ ಶುರುಮಾಡಿ, ಬೀಸಣಿಗೆಯಂತೆ ಹಿಂದೆ ಮುಂದೆ 6 ಮಿ.ಮೀ.ನ ಹತ್ತು ಮಡಿಕೆ ಹಾಕಿ. ಬಂದ ಪಟ್ಟಿಯನ್ನು ಸರಿಯಾಗಿ ನಡುವೆ ಬಾಗಿಸಿ, ತಳದ ಎರಡು ಅರ್ಧಗಳನ್ನು ಒಂದಕ್ಕೊಂದು ಅಂಟಿಸಿ. ಅಂಟಿದ ಸಾಲೇ ನಡುನರ, ಮಡಿಕೆಗಳೇ ಪಕ್ಕದ ನರಗಳು. 6 ಸೆಂ.ಮೀ. ಉದ್ದದ ಎಲೆ ಸಿಗುತ್ತದೆ. ದುಂಡು ಎಲೆ ಬೇಕಾದರೆ ತ್ರಿಕೋನದ ಬದಲು ಅರ್ಧವೃತ್ತ. ನೋಡಲು ಬಹಳ ಚಂದ, ಆದರೆ ಉಬ್ಬು ಹೆಚ್ಚು: ಆಲ್ಬಮ್ ಮುಚ್ಚಿದಾಗ ಎದುರು ಪುಟದ ಫೋಟೊಗೆ ಒತ್ತಿ ಗುರುತು ಮಾಡುತ್ತದೆ. ಕೈಯಲ್ಲಿ ಕೊಡುವ ಕಾರ್ಡಿಗೆ ಇದು, ಆಲ್ಬಮ್ಮಿಗೆ ಅಚ್ಚು.

ಒಂದು ಪುಟ, ಅಳತೆ ಸಮೇತ

12 × 12 ಇಂಚಿನ ಪುಟ, ಅಂದರೆ 305 ಮಿ.ಮೀ. ಚೌಕ. ಒಂದು 100 × 150ರ ನಿಲುವು ಫೋಟೊ, ಎರಡು 100 × 70ರ ಅಡ್ಡ ಫೋಟೊ.

ಕಾಗದದ ಹೊದಿಕೆಯ ಮೇಲೆ ಆಮ್ಲರಹಿತ, ಲಿಗ್ನಿನ್‌ರಹಿತ ಎಂದು ಬರೆದಿರಬೇಕು. ಲಿಗ್ನಿನ್ ಎಂದರೆ ಮರದ ನಾರುಗಳನ್ನು ಹಿಡಿದಿಡುವ ವಸ್ತು; ಅದಿರುವ ಕಾಗದ ಬೆಳಕಿಗೆ ಹಳದಿಯಾಗುತ್ತದೆ. ದಿನಪತ್ರಿಕೆಯ ಕಾಗದ ಬಿಸಿಲಿನಲ್ಲಿ ಏನಾಗುತ್ತದೆಂದು ಎಲ್ಲರೂ ಕಂಡದ್ದೇ. ಕಂದು ಕ್ರಾಫ್ಟ್ ಪೇಪರ್ ಶರತ್ಕಾಲಕ್ಕೆ ಹೇಳಿ ಮಾಡಿಸಿದಂತಿದ್ದರೂ ಈ ಮಾತಿಗೆ ಅದು ಹೊರತಲ್ಲ, ಬರಹ ನೋಡಿಯೇ ತೆಗೆದುಕೊಳ್ಳಿ.

ಹಣ್ಣೆಲೆಗಳ ನಡುವೆ ತೆಗೆದ ಫೋಟೊದಲ್ಲಿ ಮುಖದ ಮೇಲೂ ಎಲೆಯ ಬಣ್ಣ ಚೆಲ್ಲಿರುತ್ತದೆ. ಕಿತ್ತಳೆ ಹಿನ್ನೆಲೆ ಹಾಕಿದರೆ ಮುಖ ಮಂಕಾಗುತ್ತದೆ. ಕೆನೆ ಬಣ್ಣದ ಪುಟ, ಫೋಟೊದ ಹಿಂದೆ ಕಡು ನೀಲಿ ಅಥವಾ ನವಿಲುನೀಲಿಯ ಚೌಕಟ್ಟು ಹಾಕಿ ನೋಡಿ. ನೀಲಿ ಕಿತ್ತಳೆಯ ಎದುರು ಬಣ್ಣ. ಫೋಟೊದ ಎಲೆಗಳು ಅದರ ಪಕ್ಕದಲ್ಲಿ ಉರಿದಂತೆ ಕಾಣುತ್ತವೆ.

ಚೌಕಟ್ಟು ಎಲ್ಲ ಕಡೆ 3 ಮಿ.ಮೀ. ಅಂದರೆ ದೊಡ್ಡದಕ್ಕೆ 106 × 156, ಸಣ್ಣವಕ್ಕೆ 106 × 76. ದೊಡ್ಡ ಫೋಟೊ ಎಡ ಅಂಚಿನಿಂದ 30, ಮೇಲಿನಿಂದ 45 ಮಿ.ಮೀ.ಗೆ. ಅದರ ಬಲಕ್ಕೆ 4 ಮಿ.ಮೀ. ಸಂದು ಬಿಟ್ಟು ಸಣ್ಣವೆರಡು, ಒಂದರ ಕೆಳಗೊಂದು, ನಡುವೆ 4 ಮಿ.ಮೀ. ಎರಡರ ಎತ್ತರವೂ ಸಂದೂ ಸೇರಿ 156 ಆಗುತ್ತದೆ, ದೊಡ್ಡದರ ಎತ್ತರಕ್ಕೆ ಸರಿಸಮ. ಬಲದಲ್ಲಿ 59 ಮಿ.ಮೀ. ಖಾಲಿ, ಕೆಳಗೆ 104.

ಆ ಖಾಲಿ ಜಾಗವೇ ಎಲೆಗಳದ್ದು. ಏಳು ಎಲೆ ಎಣಿಸಿಕೊಳ್ಳಿ. ಬಲ ಮೇಲ್ಭಾಗದಲ್ಲಿ ಎರಡು ಸಣ್ಣವು, ಬಲ ನಡುವೆ ಒಂದು, ಅದರ ಅಂಚು ಫೋಟೊದ ಚೌಕಟ್ಟನ್ನು ತುಸು ಹತ್ತಿಕೊಂಡಿರಲಿ. ಉಳಿದ ನಾಲ್ಕು ಬಲ ಕೆಳಮೂಲೆಯಲ್ಲಿ ಒಂದರ ಮೇಲೊಂದು. ಮೇಲಿನವು ಸಣ್ಣ, ತಿಳಿ. ಕೆಳಗಿನವು ದೊಡ್ಡ, ಕಡು. ಗಾಳಿಗೆ ಹಾರಿ ರಾಶಿ ಬಿದ್ದಂತೆ ಕಾಣುವುದು ಇದರಿಂದಲೇ. ರಾಶಿಯಲ್ಲಿ ಮೇಲಿನ ಎರಡಕ್ಕೆ 1 ಮಿ.ಮೀ.ನ ಫೋಮ್ ಟೇಪ್ ಹಾಕಿದರೆ ನೆರಳು ಬೀಳುತ್ತದೆ. ಅದಕ್ಕಿಂತ ದಪ್ಪ ಬೇಡ. ಪುಟದ ನಾಲ್ಕೂ ಮೂಲೆಗೆ ಸಮನಾಗಿ ಒಂದೊಂದು ಎಲೆ ಅಂಟಿಸುವುದು ಎಲ್ಲಕ್ಕಿಂತ ಕೆಟ್ಟ ಜೋಡಣೆ. ಕಣ್ಣು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ತಿರುಗುತ್ತದೆ.

ತಲೆಬರಹ ದೊಡ್ಡ ಫೋಟೊದ ಕೆಳಗೆ. ಅಕ್ಷರಗಳನ್ನು ಕಾಗದದಲ್ಲಿ ಕತ್ತರಿಸುವುದಾದರೆ ಒತ್ತಿಲ್ಲದ ಪದ ಆರಿಸಿಕೊಳ್ಳಿ. ‘ಎಲೆ ಉದುರಿದ ದಿನ’ ಸಲೀಸು, ‘ಹಣ್ಣೆಲೆ’ಯಲ್ಲಿ ಒತ್ತು ಬೇರೆ ತುಂಡಾಗಿ ಕಳೆದುಹೋಗುತ್ತದೆ. ಅದರ ಕೆಳಗೆ ನಾಲ್ಕೈದು ಸಾಲಿನ ಬರಹ: ಯಾರು, ಎಲ್ಲಿ, ಯಾವ ದಿನ. ಪಿಗ್ಮೆಂಟ್ ಶಾಯಿಯ ಪೆನ್ ಇರಲಿ, ಬಾಲ್‌ಪೆನ್ ಬೇಡ. ಎಡ ಕೆಳಗೆ ಒಂದು ಚೂರು ಕೆಂಪು, ಒಂದು ದಾರವೋ ಗುಂಡಿಯೋ, ಇಟ್ಟರೆ ಬಲ ಮೇಲಿನ ಎಲೆ, ಬಲ ಕೆಳಗಿನ ರಾಶಿ, ಇದು ಸೇರಿ ತ್ರಿಕೋನವಾಗುತ್ತದೆ. ಫೋಟೊ ನಡುವೆ ಉಳಿಯುತ್ತದೆ.

ಹಳೆಯ ಫೋಟೊಗಳನ್ನು ಅಂಟಿಸಬೇಡಿ. ಪ್ರತಿ ತೆಗೆಸಿ ಬಳಸಿ, ಇಲ್ಲವೇ ಮೂಲೆ ಕೊಕ್ಕೆಗಳಲ್ಲಿ ಸಿಕ್ಕಿಸಿ. ರಬ್ಬರ್ ಸಿಮೆಂಟ್ ಎಂಬ ಅಂಟು, ಮಾಮೂಲಿ ಸೆಲೊಟೇಪ್ ಎರಡನ್ನೂ ಈ ಮೇಜಿನಿಂದಲೇ ದೂರವಿಡಿ. ಮೊದಲನೆಯದು ಫೋಟೊಗೆ ಕಲೆ ಹಿಡಿಸುತ್ತದೆ, ಎರಡನೆಯದು ಹಳದಿಯಾಗಿ ಒಣಗಿ ಉದುರುತ್ತದೆ. ಹೊಸ ಫೋಟೊಗೆ ಆಮ್ಲರಹಿತ ಡಬಲ್ ಸೈಡ್ ಟೇಪ್ ಸಾಕು. ಇಂಕ್‌ಜೆಟ್‌ನಲ್ಲಿ ಮುದ್ರಿಸಿದ ಫೋಟೊವನ್ನು ಒಂದು ದಿನ ತೆರೆದಿಟ್ಟು ಒಣಗಿಸಿದ ಮೇಲಷ್ಟೇ ಪ್ಲಾಸ್ಟಿಕ್ ಕವರಿಗೆ ಸೇರಿಸಬೇಕು, ಇಲ್ಲದಿದ್ದರೆ ಒಳಗೆ ಮಂಜು ಹಿಡಿದಂತಾಗುತ್ತದೆ. ಕವರು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್‌ನದ್ದಾಗಿರಲಿ, ಪಿವಿಸಿ ಆಗದು.

ಏನೇ ಹೇಳಿದರೂ ಆ ದಿನ ಆರಿಸಿದ ಎಲೆಯೇ ಆಲ್ಬಮ್ಮಿನಲ್ಲಿ ಇರಬೇಕು ಎನ್ನುವವರು ಇದ್ದೇ ಇರುತ್ತಾರೆ. ಅವರಿಗೆ ದಾರಿ ಇದು: ಪೂರ್ತಿ ಒಣಗಿದ ಎಲೆಯನ್ನು ಪಾಲಿಯೆಸ್ಟರ್ ಹಾಳೆಯ ಸಣ್ಣ ಚೀಲದಲ್ಲಿಟ್ಟು, ನಾಲ್ಕೂ ಅಂಚು ಮುಚ್ಚಿ, ಫೋಟೊ ಇಲ್ಲದ ಪುಟಕ್ಕೆ ಚೀಲವನ್ನು ಮಾತ್ರ ಅಂಟಿಸುವುದು. ಮಿಕ್ಕ ಒಣ ಎಲೆಗಳನ್ನು ಹಾಳೆಗಳ ನಡುವೆ ಹಾಕಿ, ಸಿಲಿಕಾ ಜೆಲ್‌ನ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಕತ್ತಲ ಕಪಾಟಿನಲ್ಲಿರಿಸಿದರೆ ಮುಂದಿನ ಕಾರ್ಡಿಗೆ ಬರುತ್ತವೆ.